ಹಡಗು ನಿಂತಷ್ಟು ಹೊತ್ತು, ಕಿತ್ತೂರು ನಾಡು

ಪಣಂಬೂರಿನ ನವ ಮಂಗಳೂರು ಬಂದರಿಗೆ ಪ್ರವಾಸಿ ಹಡಗು ಬರುವ ದಿನ ಬೆಳಿಗ್ಗೆಯೇ ಬಸ್ಸು, ಟ್ಯಾಕ್ಸಿಗಳು ಸಾಲುಗಟ್ಟುತ್ತವೆ. ಸ್ವಾಗತಕ್ಕೆ ಯಕ್ಷಗಾನದ ವೇಷ, ಚೆಂಡೆಯ ಸದ್ದು. ವಲಸೆ ತಪಾಸಣೆ ಮುಗಿಸಿ ಹೊರಬಂದ ವಿದೇಶಿಯರ ಕೈಯಲ್ಲಿ ನಕ್ಷೆ, ಕಣ್ಣು ಗಡಿಯಾರದ ಮೇಲೆ. ಸಂಜೆಗೆ ಹಡಗು ಲಂಗರು ಎತ್ತುತ್ತದೆ. ಅಷ್ಟರೊಳಗೆ ಕರ್ನಾಟಕವೆಂದರೆ ಏನು ಎಂಬುದನ್ನು ಅವರು ನೋಡಿ ಮುಗಿಸಬೇಕು.

1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದ ಈ ಬಂದರು ಕಟ್ಟಿದ್ದು ಅದಿರು, ಎಣ್ಣೆ, ಗೊಬ್ಬರದಂಥ ಸರಕಿಗಾಗಿ. ಪ್ರವಾಸಿಗರು ಇಲ್ಲಿಗೆ ಬರತೊಡಗಿದ್ದು ಎಷ್ಟೋ ತಡವಾಗಿ. ಕೋವಿಡ್ ಬಿಡುವಿನ ನಂತರ 2022ರ ನವೆಂಬರ್ 28ರಂದು ‘ಎಂಎಸ್ ಯುರೋಪಾ 2’ ಬಂದಾಗ ಅದರಲ್ಲಿದ್ದವರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಸೋನ್ಸ್ ಫಾರ್ಮ್, ಗೋಡಂಬಿ ಕಾರ್ಖಾನೆ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಪೇಟೆ ಎಲ್ಲವನ್ನೂ ತಂಡತಂಡವಾಗಿ ಹಂಚಿಕೊಂಡು ನೋಡಿದರು. ಆಯ್ಕೆ ಎಷ್ಟು ಜಾಣತನದ್ದು ನೋಡಿ. ಅಲೋಶಿಯಸ್ ಚಾಪೆಲ್ಲಿನ ಗೋಡೆ, ಛಾವಣಿಗಳ ತುಂಬ 1899ರಿಂದ 1901ರವರೆಗೆ ಚಿತ್ರ ಬರೆದವನು ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಚೆನಿ. ಯುರೋಪಿನವರಿಗೆ ತಮ್ಮದೇ ಕಲೆ ಅರಬ್ಬಿ ಸಮುದ್ರದ ದಂಡೆಯಲ್ಲಿ ಎದುರಾಗುತ್ತದೆ. ಅಲ್ಲಿಂದ ತಾಸಿನ ದಾರಿಯಲ್ಲಿ 1430ರ ಬಸದಿ. ಅದರ ಕಂಬಗಳ ನಡುವೆ ನಿಂತಾಗ ತಾವು ಬಂದಿರುವುದು ಬೇರೆಯದೇ ಲೋಕಕ್ಕೆ ಎಂದು ತಿಳಿಯುತ್ತದೆ. ನಾಲ್ಕಾರು ತಾಸಿನಲ್ಲಿ ಇದಕ್ಕಿಂತ ಚೆನ್ನಾಗಿ ಒಂದು ಸೀಮೆಯನ್ನು ತೋರಿಸುವುದು ಕಷ್ಟ.

ಏಷ್ಯಾದ ಬಂದರುಗಳನ್ನು ಸುತ್ತುವ ದೀರ್ಘ ಹಡಗುಯಾನದಲ್ಲಿ ಈ ಭಾಗ್ಯ ಎಲ್ಲ ಕಡೆಯೂ ಇರುವುದಿಲ್ಲ. ಸಿಂಗಪುರ ಸುಲಭ, ಹಡಗು ಇಳಿದರೆ ನಗರವೇ. ಮಲೇಷ್ಯಾದ ಪೆನಾಂಗಿನಲ್ಲಿ ಕಟ್ಟೆಯಿಂದ ನಡೆದೇ ಹಳೆಯ ಜಾರ್ಜ್‌ಟೌನ್ ಸೇರಬಹುದು; 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರದು. ಕೊಲಂಬೊದಲ್ಲೂ ಕೋಟೆ ಪ್ರದೇಶ ಬಂದರಿನ ಮಗ್ಗುಲಲ್ಲೇ ಇದೆ. ಕೌಲಾಲಂಪುರ ನೋಡಬೇಕೆಂದರೆ ಮಾತ್ರ ಪೋರ್ಟ್ ಕ್ಲಾಂಗಿನಲ್ಲಿ ಇಳಿದು ಬಸ್ಸು ಹತ್ತಬೇಕು. ಬ್ಯಾಂಕಾಕಿನ ಹೆಸರು ಹೇಳಿ ದೊಡ್ಡ ಹಡಗುಗಳು ನಿಲ್ಲುವುದು ಲೆಮ್ ಚಬಾಂಗಿನಲ್ಲಿ; ಅಲ್ಲಿಂದ ಬ್ಯಾಂಕಾಕಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದರೂ ಜನ ಹೋಗುತ್ತಾರೆ, ಏಕೆಂದರೆ ಹೋದಮೇಲೆ ಏನು ಸಿಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಈ ಮಾತನ್ನು ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಪಕ್ಕದಲ್ಲಿಟ್ಟು ನೋಡಬೇಕು. ಈ ನಾಲ್ಕೂ ಊರುಗಳಿಗೆ ಸಮುದ್ರದ ಗಾಳಿ ಸೋಕುವುದಿಲ್ಲ. ಹತ್ತಿರದ ದೊಡ್ಡ ಬಂದರೆಂದರೆ ಗೋವೆಯ ಮುರಗಾವ್. ಅಲ್ಲಿಗೂ ಪ್ರವಾಸಿ ಹಡಗುಗಳು ಬರುತ್ತವೆ. ಇಳಿದವರು ಹಳೆಯ ಗೋವೆಯ ಚರ್ಚುಗಳನ್ನೋ ಮಂಗೇಶಿಯನ್ನೋ ನೋಡಿ ಮರಳುತ್ತಾರೆ. ಮುರಗಾವಿನಿಂದ ಘಟ್ಟ ಹತ್ತಿ ಕಿತ್ತೂರಿಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು. ಲೆಮ್ ಚಬಾಂಗಿಗಿಂತ ದೂರವೇನೂ ವಿಪರೀತವಲ್ಲ, ಆದರೆ ಘಟ್ಟದ ರಸ್ತೆ. ಒಂದೇ ಹಗಲಲ್ಲಿ ಹಡಗಿನವರನ್ನು ಇಲ್ಲಿಗೆ ಕರೆತಂದು ಹಿಂದಿರುಗಿಸುವುದು ಇವತ್ತಿನ ಮಟ್ಟಿಗೆ ಆಗುವ ಮಾತಲ್ಲ.

ಹಾಗೆಂದು ಕಡಲಿಗೂ ಈ ಸೀಮೆಗೂ ನಂಟಿಲ್ಲ ಎನ್ನುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರೆಮಣ್ಣಿನ ನಾಡಿನ ಅರಳೆ ಎತ್ತುಗಳ ಬೆನ್ನೇರಿ, ಗಾಡಿ ಹತ್ತಿ, ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ನಮ್ಮ ಹತ್ತಿಗೆ ಬಂದ ಬೆಲೆ ಕಂಡುಕೇಳರಿಯದ್ದು. ಕ್ಯಾಸಲ್‌ರಾಕ್ ದಾಟಿ ಮುರಗಾವಿಗೆ 1888ರಲ್ಲಿ ರೈಲು ಓಡತೊಡಗಿದ ಮೇಲೆ ಅರಳೆಯ ದಾರಿ ಬದಲಾಯಿತು. ಬೈಲಹೊಂಗಲ ಹತ್ತಿ ಪೇಟೆಯಾಗಿ ಹೆಸರಾದದ್ದರ ಹಿಂದೆ ಈ ಕಡಲ ವ್ಯಾಪಾರವೂ ಇದೆ.

ಅದಕ್ಕೂ ಹಳೆಯ ನಂಟೊಂದು ಕಿತ್ತೂರಿನ ಮಗ್ಗುಲಲ್ಲೇ ಕಲ್ಲಾಗಿ ನಿಂತಿದೆ.

ಕಿತ್ತೂರಿನಿಂದ ಐದಾರು ಕಿಲೋಮೀಟರ್ ದೂರದ ದೇಗಾವಿಯಲ್ಲಿರುವ ಕಮಲನಾರಾಯಣ ದೇವಾಲಯವನ್ನು 1174ರಲ್ಲಿ ಕಟ್ಟಿಸಿದವಳು ರಾಣಿ ಕಮಲಾದೇವಿ, ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿದೇವನ ಮಡದಿ. ಆ ಕದಂಬರ ರಾಜಧಾನಿ ಗೋಪಕಪಟ್ಟಣ ಇದ್ದದ್ದು ಜುವಾರಿ ನದಿಯ ದಂಡೆಯಲ್ಲಿ. ಅರಬ್ ವರ್ತಕರು ಬಂದುಹೋಗುತ್ತಿದ್ದ ರೇವುಪಟ್ಟಣ ಅದು. ಇಂದಿನ ಮುರಗಾವ್ ಬಂದರು ಇರುವುದು ಅದೇ ಜುವಾರಿಯ ಮುಖದಲ್ಲಿ. ಅಂದರೆ ಇವತ್ತು ಹಡಗಿನಿಂದಿಳಿದು ಗೋವೆ ನೋಡುವವರು ಯಾವ ನೀರಿನ ದಾರಿಯಲ್ಲಿ ಬರುತ್ತಾರೋ, ಅದೇ ದಾರಿಯ ಸಿರಿಯನ್ನು ಆಳಿದ ಮನೆತನದ ರಾಣಿ ಘಟ್ಟದ ಮೇಲಿನ ಈ ಹಳ್ಳಿಯಲ್ಲಿ ಗುಡಿ ಕಟ್ಟಿಸಿದಳು. ಗೋವೆಯ ಚರ್ಚುಗಳಿಗಿಂತ ಈ ಗುಡಿ ನಾಲ್ಕು ಶತಮಾನ ಹಿರಿದು.

ಗುಡಿಯ ಒಳಗೆ ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳು: ನಾರಾಯಣ, ಲಕ್ಷ್ಮೀನಾರಾಯಣ, ಕಮಲಾದೇವಿ. ಮುಂದೆ ಉದ್ದನೆಯ ಮಂಟಪ, ತಿರುಗಣಿಯಲ್ಲಿ ಕಡೆದ ನುಣುಪು ಕಂಬಗಳು. ತಲೆಯೆತ್ತಿದರೆ ಛತ್ತಿನಲ್ಲಿ ಕಲ್ಲಿನ ಕಮಲ. ಶಿಲ್ಪಿಯ ಹೆಸರು ತಿಪ್ಪೋಜ. ಎಷ್ಟೋ ಮಹಾದೇವಾಲಯಗಳಲ್ಲಿ ಶಿಲ್ಪಿ ಯಾರೆಂದೇ ತಿಳಿಯದಿರುವಾಗ ಇಲ್ಲಿ ರಾಣಿಯ ಹೆಸರೂ ಕಲ್ಲುಕುಟಿಗನ ಹೆಸರೂ ಒಟ್ಟಿಗೆ ಉಳಿದಿವೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿ–ಧಾರವಾಡದ ನಡುವೆ ಓಡುವ ವಾಹನಗಳಲ್ಲಿ ಎಷ್ಟು ಮಂದಿ ಈ ಗುಡಿಗಾಗಿ ಒಳದಾರಿ ಹಿಡಿಯುತ್ತಾರೆ? ಉತ್ತರ ಹೇಳಲು ಸಂಕಟವಾಗುತ್ತದೆ.

ಕಿತ್ತೂರಿನ ಕೋಟೆಗೆ ಮಾತ್ರ ಜನ ಬರುತ್ತಾರೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಮೇಲೆ ದಂಡೆತ್ತಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಇದೇ ಕೋಟೆಯ ಮುಂದೆ ಸತ್ತುಬಿದ್ದ; ಗುಂಡು ಹೊಡೆದವನು ಅಮಟೂರ ಬಾಳಪ್ಪ ಎಂದು ನಾಡಿನ ನೆನಪು ಹೇಳುತ್ತದೆ. ಸ್ಟೀವನ್ಸನ್, ಎಲಿಯಟ್ ಎಂಬಿಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಈಗ ಉಳಿದಿರುವುದು ಛಾವಣಿಯಿಲ್ಲದ ಅರಮನೆ. ಅದರ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಇಟ್ಟ ಕೊಳವೆಯಿದೆ. ಹಗಲಲ್ಲಿ ಬಂದ ಶಾಲಾ ಮಕ್ಕಳು ಅದಕ್ಕೆ ಕಣ್ಣಿಟ್ಟು ಆಕಾಶದ ಚೂರು ನೋಡಿ ಓಡುತ್ತಾರೆ. ಅದೇ ಜಾಗದಲ್ಲಿ ತಿಂಗಳಿಗೊಂದು ರಾತ್ರಿ ಮಕ್ಕಳನ್ನು ನಿಲ್ಲಿಸಿ ನಿಜವಾದ ನಕ್ಷತ್ರ ತೋರಿಸಿದರೆ, ಒಂದು ಪಾಠಪುಸ್ತಕ ಹೇಳಲಾರದ್ದನ್ನು ಆ ಕೊಳವೆ ಹೇಳುತ್ತದೆ. ಆವರಣದ ವಸ್ತುಸಂಗ್ರಹಾಲಯವನ್ನೂ ಅವಸರದಲ್ಲಿ ದಾಟಬಾರದು.

ಕಿತ್ತೂರು ನೋಡಿದವರು ಬೈಲಹೊಂಗಲಕ್ಕೆ ಹೋಗದಿದ್ದರೆ ಕತೆ ಅರ್ಧಕ್ಕೇ ನಿಂತಂತೆ. ಸೆರೆಸಿಕ್ಕ ಚೆನ್ನಮ್ಮನನ್ನು ಇಟ್ಟಿದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರ ಫೆಬ್ರುವರಿಯಲ್ಲಿ ಆಕೆ ತೀರಿಕೊಂಡದ್ದೂ ಅಲ್ಲೇ, ಸಮಾಧಿ ಊರೊಳಗಿದೆ. ಅದೇ ತಾಲ್ಲೂಕಿನ ಸಂಗೊಳ್ಳಿ, ಆಕೆಯ ಪರವಾಗಿ ಕಂಪನಿಯ ವಿರುದ್ಧ ಹೋರಾಡಿದ ರಾಯಣ್ಣನ ಊರು. ಅವನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಗೊಳ್ಳಿಯಲ್ಲಿ ಈಗ ಸೈನಿಕ ಶಾಲೆಯಿದೆ, ರಾಯಣ್ಣನ ಬದುಕನ್ನು ಮೂರ್ತಿಗಳಲ್ಲಿ ಹೇಳುವ ಶಿಲ್ಪವನವಿದೆ. ಬೆಳವಡಿ ಮಲ್ಲಮ್ಮನ ಬೆಳವಡಿಯೂ ಇದೇ ತಾಲ್ಲೂಕು. ಶಿವಾಜಿಯ ಸೇನೆಗೆ ಎದುರು ನಿಂತ ಹೆಣ್ಣುಮಗಳು ಮತ್ತು ಕಂಪನಿಗೆ ಎದುರು ನಿಂತ ಹೆಣ್ಣುಮಗಳು, ಇಬ್ಬರ ನೆನಪೂ ಒಂದೇ ತಾಲ್ಲೂಕಿನಲ್ಲಿ ಸಿಗುವುದು ಸಣ್ಣ ಸಂಗತಿಯಲ್ಲ. ದಣಿವಾರಿಸಿಕೊಳ್ಳಲು ಸೊಗಲದ ಸೋಮೇಶ್ವರ ಗುಡಿಯಿದೆ. ಮಳೆಗಾಲದಲ್ಲಿ ಅಲ್ಲಿ ಜಲಪಾತ.

ಜನಸಾಗರವೆಂಬ ಮಾತಿಗೆ ಅರ್ಥ ಬೇಕಿದ್ದರೆ ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಬರಬೇಕು. ಯಾವ ಹಡಗೂ ಅಷ್ಟು ಜನರನ್ನು ಯಾವ ಬಂದರಿಗೂ ತಂದಿಳಿಸಲಾರದು. ‘ಗುಡ್ಡಕ್ಕ ಹೊಂಟೀವಿ’ ಎಂದರೆ ಸಾಕು, ಯಾವ ಗುಡ್ಡ ಎಂದು ಈ ಭಾಗದಲ್ಲಿ ಯಾರೂ ಕೇಳುವುದಿಲ್ಲ. ಮಹಾರಾಷ್ಟ್ರದಿಂದ ಬಂದವರೂ ಇದ್ದಾರೆ, ಆಂಧ್ರದವರೂ ಇದ್ದಾರೆ. ಮೊದಲು ಜೋಗುಳಬಾವಿಯಲ್ಲಿ ಸತ್ತೆಮ್ಮನ ದರ್ಶನ, ಆಮೇಲೆ ಗುಡ್ಡದ ದಾರಿ, ಎಣ್ಣೆಹೊಂಡದ ನೀರು, ಬಯಲಲ್ಲಿ ಮೂರು ಕಲ್ಲು ಹೂಡಿ ಹಚ್ಚಿದ ಒಲೆ. ಕಡಬು, ಹೋಳಿಗೆ, ಬದನೆಕಾಯಿ ಪಲ್ಯ ಮಾಡಿ ಪಡ್ಡಲಗಿ ತುಂಬಿ ದೇವಿಗೆ ಎಡೆ ಹಿಡಿಯುತ್ತಾರೆ. ಚೌಡಕಿಯ ಸದ್ದಿನ ಜೊತೆ ‘ಉಧೋ ಉಧೋ’ ಏಳುತ್ತದೆ, ಭಂಡಾರ ಹಾರುತ್ತದೆ, ನೆಲವೆಲ್ಲ ಹಳದಿ. ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದ ಕ್ರೂರ ರೂಢಿಯ ನೆನಪೂ ಈ ಗುಡ್ಡಕ್ಕಿದೆ. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಗುಡ್ಡದ ಕತೆ ಹೇಳುವವರು ಅದನ್ನು ಮರೆಮಾಚಬಾರದು.

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾದ ಮೇಲೆ ಗುಡ್ಡದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. 2024ರ ಕೊನೆಯಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಹಣ ಬರಲಿ, ಶೌಚಾಲಯ, ನೀರು, ನೆರಳು ಮೊದಲು ಆಗಲಿ. ಆದರೆ ಗುಡ್ಡವೊಂದೇ ಸವದತ್ತಿಯಲ್ಲ. ರಟ್ಟರು ಆಳಿದ ಸುಗಂಧವರ್ತಿ ಇದು. ಊರ ಕೋಟೆ ಇದೆ, ಒಂಬತ್ತು ಕಿಲೋಮೀಟರಿನಲ್ಲಿ ಹೂಲಿಯ ಪಂಚಲಿಂಗೇಶ್ವರ ಇದೆ, ಗುಡ್ಡ ಸೀಳಿದ ಕಂದರದಲ್ಲಿ ನವಿಲುತೀರ್ಥ ಅಣೆಕಟ್ಟು, ಅದರ ಹಿಂದೆ ಮಲಪ್ರಭೆಯ ರೇಣುಕಾಸಾಗರ. ತಾಲ್ಲೂಕಿನ ಶಿರಸಂಗಿಯಲ್ಲಿ ಕಾಳಿಕಾ ದೇವಾಲಯ. ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗಾಗಿ ಬರೆದಿಟ್ಟ ಲಿಂಗರಾಜ ದೇಸಾಯಿಯವರ ಊರೂ ಅದೇ. ಗುಡ್ಡಕ್ಕೆ ಬಂದ ಬಹುಪಾಲು ಜನ ಇವುಗಳಲ್ಲಿ ಒಂದನ್ನೂ ನೋಡದೆ ಬಸ್ಸು ಹತ್ತುತ್ತಾರೆ.

ಇನ್ನೂ ಪೂರ್ವಕ್ಕೆ ಸರಿದರೆ ರಾಮದುರ್ಗ. ಭಾವೆ ಮನೆತನದ ಪುಟ್ಟ ಸಂಸ್ಥಾನ, 1939ರ ಪ್ರಜಾ ಹೋರಾಟ ಕಂಡ ಊರು, 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ನೇಕಾರರ ಮಗ್ಗದ ಸದ್ದು ಇನ್ನೂ ಇದೆ. ತಾಲ್ಲೂಕಿನ ತೊರಗಲ್ಲಿನಲ್ಲಿ ಕೋಟೆಯೊಳಗೆ ಭೂತನಾಥ ದೇವಾಲಯಗಳ ಗುಂಪು, ಸುರೇಬಾನದ ಬಳಿ ಶಬರಿಕೊಳ್ಳ, ಗೊಡಚಿಯಲ್ಲಿ ವೀರಭದ್ರ. ಬಾದಾಮಿಗೆ ಹೋಗುವವರು ಈ ಕಡೆಯಿಂದ ಹಾದು ಹೋದರೆ ಚಾಲುಕ್ಯರ ಮೊದಲ ಗುಡಿಗಳನ್ನು ನೋಡುವ ಮುನ್ನವೇ ಅವರ ನಂತರದ ಕೆಲಸ ಕಣ್ಣಿಗೆ ಬಿದ್ದಿರುತ್ತದೆ.

ಇಷ್ಟೆಲ್ಲ ಇದ್ದೂ ಕೊರತೆ ಎಲ್ಲಿ? ಪಣಂಬೂರಿನಲ್ಲಿ ಹಡಗು ಬರುವ ಮೊದಲೇ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತು, ಜೊತೆಗೆ ವಿವರಿಸುವವರು ಯಾರು ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಬಂದವನ ಒಂದು ತಾಸೂ ಹಾಳಾಗಬಾರದೆಂಬ ಆ ಗೌರವ ಘಟ್ಟದ ಮೇಲಿನ ಪ್ರವಾಸಿಗನಿಗೂ ಸಿಗಬೇಕು. ಮುಂಬೈನಿಂದ ಬಂದ ಭಕ್ತೆಯ ಸಮಯ ಜರ್ಮನಿಯಿಂದ ಬಂದವರ ಸಮಯಕ್ಕಿಂತ ಅಗ್ಗವೇ? ದೇಗಾವಿಯ ಗುಡಿಯ ಮುಂದೆ ಕನ್ನಡದಲ್ಲಿ ಬಿಡಿಸಿ ಬರೆದ ಫಲಕ, ಕಿತ್ತೂರಿನಲ್ಲಿ ಶಾಸನ ಓದಿ ಹೇಳಬಲ್ಲ ಸ್ಥಳೀಯ ತರುಣ ತರುಣಿಯರು, ಹೂಲಿ, ತೊರಗಲ್ಲುಗಳಲ್ಲಿ ಕುಡಿಯುವ ನೀರು. ಇವು ಕೋಟಿಗಳ ಕೆಲಸವಲ್ಲ.

ಹಡಗಿನವರಿಗೂ ಬಾಗಿಲು ಮುಚ್ಚಬೇಕಿಲ್ಲ. ಮುರಗಾವಿನಲ್ಲಿ ಹಡಗು ರಾತ್ರಿ ತಂಗುವ ಸಂದರ್ಭದಲ್ಲಿ ಬಂದ ದಿನವೇ ಹೊರಟು, ದೇಗಾವಿ, ಕಿತ್ತೂರು ನೋಡಿ, ಬೆಳಗಾವಿಯಲ್ಲಿ ತಂಗಿ ಮರಳುವ ದಾರಿಯನ್ನು ಪ್ರವಾಸೋದ್ಯಮ ಇಲಾಖೆ ಹಡಗು ಕಂಪನಿಗಳ ಮುಂದಿಡಬಹುದು. ಅದಕ್ಕಿಂತ ಮೊದಲು ಆಗಬೇಕಾದದ್ದು ನಮ್ಮವರಿಗಾಗಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಪ್ರತಿ ಭಾನುವಾರ ಧಾರವಾಡದಿಂದ ಬೆಳಿಗ್ಗೆ ಹೊರಟು ಕಿತ್ತೂರು, ದೇಗಾವಿ, ಬೈಲಹೊಂಗಲ, ಹೂಲಿ, ಸವದತ್ತಿ ಸುತ್ತಿ ರಾತ್ರಿ ಮರಳುವ, ತಿಂಗಳಿಗೊಮ್ಮೆ ರಾಮದುರ್ಗ, ತೊರಗಲ್ಲಿನವರೆಗೂ ಹೋಗುವ, ವಿವರಿಸುವವರು ಜೊತೆಗಿರುವ ಒಂದು ಬಸ್ಸನ್ನು ಕಾಯಂ ಓಡಿಸಲಿ. ಪ್ರತಿ ವರ್ಷ ಅಕ್ಟೋಬರ್ 23ರಿಂದ ಮೂರು ದಿನ ನಡೆಯುವ ಕಿತ್ತೂರು ಉತ್ಸವಕ್ಕೇ ಅದರ ಮೊದಲ ಓಟ ಇಡಬಹುದು. ಅಲ್ಲಿಯವರೆಗೆ ಓದುಗರು ಸ್ವಂತ ವಾಹನದಲ್ಲಾದರೂ ಹೋಗಿ ಬರಲಿ: ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ, ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಸವದತ್ತಿಯ ರಸ್ತೆ ಕಿಕ್ಕಿರಿದಿರುತ್ತದೆ, ಮತ್ತು ದೇಗಾವಿಗೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕಾದದ್ದು ಹತ್ತೇ ನಿಮಿಷದ ದಾರಿ.