ಇಕ್ಕಿವಿಯ ಧ್ವನಿ, ಒಕ್ಕಿವಿಯ ಶ್ರೋತೃ

ನಮ್ಮ ಬಲಮಗ್ಗುಲಲ್ಲಿ ಯಾರಾದರೂ ಚಿಟಿಕೆ ಹೊಡೆದರೆ, ಆ ಶಬ್ದವು ಬಲಗಿವಿಯನ್ನು ಮುಟ್ಟಿದ ಮೇಲೆ ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಸೇರುವುದಕ್ಕೆ ಸೆಕೆಂಡಿನ ಸಹಸ್ರಾಂಶದಲ್ಲಿ ಮುಕ್ಕಾಲು ಪಾಲೂ ಹಿಡಿಯದು; ಆದರೂ ಈ ಅತ್ಯಲ್ಪ ವಿಳಂಬವನ್ನೂ, ತಲೆಯ ಮರೆಯಿಂದಾಗಿ ಎರಡನೆಯ ಕಿವಿಗೆ ಮಂದವಾಗಿ ಕೇಳುವ ತಾರಧ್ವನಿಗಳ ವ್ಯತ್ಯಾಸವನ್ನೂ ಆಧಾರವಾಗಿಟ್ಟುಕೊಂಡು ಮಿದುಳು ಶಬ್ದದ ದಿಕ್ಕನ್ನು ನಿರ್ಣಯಿಸುತ್ತದೆಂಬುದನ್ನು ಭೌತವಿಜ್ಞಾನಿ ಲಾರ್ಡ್ ರೇಲಿಯವರು 1907ರಲ್ಲಿಯೇ ಪ್ರತಿಪಾದಿಸಿದ್ದರು. ಇದೇ ಶ್ರವಣಧರ್ಮವನ್ನು ಆಶ್ರಯಿಸಿ ಬೆಳೆದ, ಎಡಬಲಗಳಿಗೆ ಬೇರೆ ಬೇರೆ ಧ್ವನಿಯನ್ನು ಕಳುಹಿಸುವ ಸ್ಟೀರಿಯೋ ವಿದ್ಯೆಗೆ ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲೂಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು.

ಆದರೆ ಈ ವಿದ್ಯೆಯು ಒಂದು ವಿಷಯವನ್ನು ಸುಮ್ಮನೆ ಗ್ರಹಿಸಿಕೊಂಡಿದೆ: ಕೇಳುವವನಿಗೆ ಸಮಾನಶಕ್ತಿಯುಳ್ಳ ಎರಡು ಕಿವಿಗಳಿವೆಯೆಂದು. ಒಂದು ಕಿವಿ ಮಂದವಾದವರಿಗೂ, ಬೀದಿಯ ಸದ್ದಿಗೆಂದು ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳುವವರಿಗೂ ಆಗುವ ನಷ್ಟವು ಅಲ್ಪವಲ್ಲ. ಬೀಟಲ್ಸ್ ಗಾಯಕರ 1963ರ ‘ಪ್ಲೀಸ್ ಪ್ಲೀಸ್ ಮೀ’ ಧ್ವನಿಮುದ್ರಿಕೆಯ ಸ್ಟೀರಿಯೋ ಆವೃತ್ತಿಯನ್ನು ಎಡಗಿವಿಯೊಂದರಿಂದಲೇ ಕೇಳಿದರೆ ಗಿಟಾರು, ಡ್ರಮ್ಮುಗಳು ಮೊರೆಯುತ್ತವೆ. ಹಾಡುವವರು ಮಾತ್ರ ಬಹುಮಟ್ಟಿಗೆ ನಾಪತ್ತೆ! ಎರಡೇ ಪಥಗಳ ಯಂತ್ರದಲ್ಲಿ ವಾದ್ಯಗಳನ್ನೊಂದರ ಮೇಲೂ ಕಂಠಗಳನ್ನಿನ್ನೊಂದರ ಮೇಲೂ ಮುದ್ರಿಸಿದ್ದುದು ಅನಂತರ ಎರಡನ್ನೂ ಹದವಾಗಿ ಬೆರೆಸಿ ಮಾನೋ, ಅಂದರೆ ಒಂದೇ ಧ್ವನಿಪಥ, ಮಾಡಲೆಂದೇ ಆಗಿತ್ತಾದರೂ, ಅವೇ ಪಥಗಳು ಎಡಬಲಗಳಾಗಿ ಸ್ಟೀರಿಯೋ ರೂಪದಲ್ಲಿಯೂ ಮಾರುಕಟ್ಟೆಗೆ ಬಂದುವು.

ಪರಿಹಾರವೋ, ಗಣಕಯಂತ್ರದೊಳಗೇ ಇದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆಕ್ಸೆಸಿಬಿಲಿಟಿ, ಅದರೊಳಗೆ ಆಡಿಯೋ ಎಂದು ಇಳಿದುಹೋದರೆ ‘ಮಾನೋ ಆಡಿಯೋ’ ಎಂಬ ಗುಂಡಿಯು ಸಿಕ್ಕುವುದು. ಮ್ಯಾಕ್‌ನಲ್ಲಿಯೂ ಐಫೋನಿನಲ್ಲಿಯೂ ಆಕ್ಸೆಸಿಬಿಲಿಟಿಯ ಅಡಿಯಲ್ಲಿಯೇ ಇದನ್ನು ಅರಸಬೇಕು. ಗುಂಡಿಯನ್ನು ಸರಿಸಿದೊಡನೆ ನಡೆಯುವುದು ಕೇವಲ ಅಂಕಗಣಿತ. ಸಿ.ಡಿ.ಯ ಗುಣಮಟ್ಟದ ಸಂಗೀತದಲ್ಲಿ ಪ್ರತಿಯೊಂದು ಪಾರ್ಶ್ವಕ್ಕೂ ಸೆಕೆಂಡಿಗೆ 44,100 ಸಂಖ್ಯೆಗಳಿರುವುವು. ಎಡದ ಸಂಖ್ಯೆಯನ್ನು ಬಲದ ಸಂಖ್ಯೆಗೆ ಕೂಡಿಸಿ, ಮೊತ್ತವು ಮಿತಿಮೀರಿ ಧ್ವನಿ ಒಡೆಯದಂತೆ ಸಾಮಾನ್ಯವಾಗಿ ಅರ್ಧಿಸಿ, ಬಂದ ಫಲವನ್ನು ಎರಡು ಕಿವಿಗೂ ಸಮನಾಗಿ ಉಣಬಡಿಸಲಾಗುತ್ತದೆ. ನಡುವಿನಲ್ಲಿದ್ದ ಕಂಠವು ಇದ್ದಷ್ಟೇ ಗಟ್ಟಿಯಾಗಿ ಉಳಿಯುತ್ತದೆ. ಒಂದೇ ಪಾರ್ಶ್ವದಲ್ಲಿದ್ದುದು ತುಸು ತಗ್ಗಿದರೂ ಕೇಳದೆ ಹೋಗುವುದಿಲ್ಲ. ಕಳೆದುಹೋಗುವುದು ದಿಕ್ಕಿನ ಅರಿವು ಮಾತ್ರ. ಹೆಜ್ಜೆಯ ಸದ್ದು ಯಾವ ಕಡೆಯದೆಂದು ಕಿವಿಗೊಡಬೇಕಾದ ಆಟಗಳಲ್ಲಿ ಅದು ದೊಡ್ಡ ಕೊರತೆಯೇ ಸರಿ. ಉಪನ್ಯಾಸವನ್ನೋ ವಾರ್ತೆಯನ್ನೋ ಕೇಳುವವನಿಗೆ ಅದರಿಂದ ಏನೂ ತೊಡಕಿಲ್ಲ.

ಈ ಸಂಕಲನದ ಉಪಾಯವೇನೂ ಹೊಸದಲ್ಲ. ಅಮೆರಿಕದಲ್ಲಿ 1961ರಲ್ಲಿ ಅಂಗೀಕೃತವಾದ ಎಫ್.ಎಂ. ಸ್ಟೀರಿಯೋ ಪ್ರಸಾರದಲ್ಲಿ ಎಡಬಲಗಳ ಮೊತ್ತವನ್ನೇ ಮುಖ್ಯ ಸಂಕೇತವಾಗಿಯೂ, ಅವುಗಳ ಅಂತರವನ್ನು ಉಪವಾಹಕವೆಂಬ ಹೆಚ್ಚುವರಿ ತರಂಗದ ಮೇಲೇರಿಸಿಯೂ ಕಳುಹಿಸಿದುದರಿಂದ, ಹಳೆಯ ಮಾನೋ ರೇಡಿಯೋಗಳು ಮೂಲೆಗೆ ಬೀಳದೆ ಇಡಿಯ ಕಾರ್ಯಕ್ರಮವನ್ನೇ ಕೇಳಿಸಿದುವು. ದೂರದೃಷ್ಟಿಯೆಂದರೆ ಇದು!

ಒಂದು ಎಚ್ಚರಿಕೆ ಅವಶ್ಯಕ. ತಂತಿಯ ಜೋಡಣೆ ಅದಲುಬದಲಾಗಿ, ಒಂದು ಪಾರ್ಶ್ವದ ತರಂಗವು ಏರುವಾಗ ಇನ್ನೊಂದರದು ಇಳಿಯುವಂತೆ ಧ್ವನಿಮುದ್ರಣವಾಗಿದ್ದರೆ, ಕೂಡಿಸಿದಾಗ ಎರಡೂ ಪರಸ್ಪರ ನಾಶವಾಗಿ ಮಾತೇ ಅಡಗಿಹೋಗುವುದು. ಅಂಥ ಕಡತವು ಎದುರಾದಾಗ ಮಾನೋ ಗುಂಡಿಯನ್ನು ಹಿಂದಕ್ಕೆ ಸರಿಸಿ, ಒಂದೇ ಇಯರ್‌ಫೋನಿನಿಂದ ಕೇಳುವುದೇ ಲೇಸು.