ಕಾರು ಆಯಿಲ್ ಕುಡಿಯುತ್ತಿದೆಯೇ?

2014ರಲ್ಲೇ ತಯಾರಿಕೆ ನಿಂತರೂ ಮಾರುತಿ 800 ಇನ್ನೂ ನಿಮ್ಮ ಮನೆ ಮುಂದೆ ಇದೆಯೇ? ಲಕ್ಷ ಕಿಲೋಮೀಟರ್ ದಾಟಿದ ಅದು ಬಂಗಾರಪೇಟೆಯಿಂದ ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಅರ್ಧ ಲೀಟರ್ ಆಯಿಲ್ ಖಾಲಿ ಮಾಡಿದರೆ ಎಲ್ಲೋ ತೊಂದರೆಯಿದೆ. ಆದರೆ ಗ್ಯಾರೇಜಿನವರು ‘ಎಂಜಿನ್ ಬೋರಿಗೆ ಬಂದಿದೆ ಮೇಡಂ’ ಎಂದ ಕೂಡಲೇ ತಲೆಯಾಡಿಸಬೇಡಿ. ಬೋರಿಂಗ್ ಎಂದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ, ಮನೆಖರ್ಚಿನ ಲೆಕ್ಕವೇ ತಲೆಕೆಳಗು.

ರಾತ್ರಿ ಕಾರಿನಡಿ ಹಳೇ ರಟ್ಟು ಹಾಸಿಡಿ. ಬೆಳಿಗ್ಗೆ ಎಣ್ಣೆ ಕಲೆ ಕಂಡರೆ ಆಯಿಲ್ ಸೋರುತ್ತಿದೆ ಎಂದರ್ಥ. ಕಲೆ ಇಲ್ಲವೇ? ಹೊಗೆ ನೋಡಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬುಸ್ಸೆಂದು ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್ ಗಟ್ಟಿಯಾಗಿರುತ್ತದೆ. ನಮ್ಮ ಕುಕ್ಕರ್ ಗ್ಯಾಸ್ಕೆಟ್ ಗಟ್ಟಿಯಾಗುತ್ತದಲ್ಲ, ಹಾಗೇ! ಇದರ ಖರ್ಚು ಬೋರಿಂಗ್‌ಗಿಂತ ಎಷ್ಟೋ ಕಡಿಮೆ. ಕೆಜಿಎಫ್ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗಲೂ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಕಡೆ ನೋಡಬೇಕು.

ಅಲ್ಲಿಯವರೆಗೆ ವಾರಕ್ಕೊಮ್ಮೆ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಆಯಿಲ್ ಹಾಕದೆ ಕಾರು ತೆಗೆಯಬೇಡಿ, ಎಂಜಿನ್ ಜಾಮ್ ಆದೀತು. ಹಾಕಿದ ಆಯಿಲ್, ಓಡಿದ ಕಿಲೋಮೀಟರ್ ಎರಡನ್ನೂ ಹಾಲಿನ ಲೆಕ್ಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಬರೆದಿಡಿ.