‘ಎರಡಿಂಚ್’ ಪೈಪು: ಕಣ್ಣಂದಾಜಿನಲ್ಲಿ ಕೈತಪ್ಪುವ ಕಿಲೊ

ಜತ್ತ: ಸಾಂಗ್ಲಿ ಜಿಲ್ಲೆಯ ಪೂರ್ವ ತುದಿಯ ಈ ಬರದ ತಾಲ್ಲೂಕಿನಲ್ಲಿ, ಉಮದಿ, ಸಂಖ ಕಡೆಯ ಕನ್ನಡ ಹಳ್ಳಿಗಳಲ್ಲಿ, ಬತ್ತಿದ ಬೋರಿನ ಕಬ್ಬಿಣದ ಪೈಪು ಎತ್ತಿ ಮಾರುವುದು ಹೊಸದಲ್ಲ. ಹಗುರವಾದ ಪ್ಲಾಸ್ಟಿಕ್ ಪೈಪು ಇಳಿಸುವ ರೂಢಿ ಬಂದ ಮೇಲಂತೂ ಹಳೆಯ ಜಿ.ಐ. ಪೈಪು ಹೊಲದ ಬದುವಿನಲ್ಲಿ ಬಿದ್ದಿರುತ್ತವೆ. ಭಂಗಾರದವನು ಟಂಟಂ ತಂದು ಒಂದು ಸುತ್ತು ನೋಡಿ, ‘ತೂಕದ ತ್ರಾಸ ಯಾಕ್ರೀ ಅಣ್ಣಾರ, ಎಲ್ಲಾ ಕೂಡಿ ಒಂದ ರೇಟ ಹೇಳಿಬಿಡ್ರಿ’ ಎನ್ನುತ್ತಾನೆ. ರೈತ ಸೋಲುವುದು ಅಲ್ಲಿಯೇ.

ಲೆಕ್ಕ ಕಷ್ಟದ್ದೇನಲ್ಲ. ಮಿಲಿಮೀಟರಿನಲ್ಲಿ ಪೈಪಿನ ಹೊರವ್ಯಾಸದಿಂದ ಗೋಡೆಯ ದಪ್ಪ ಕಳೆದು, ಬಂದದ್ದನ್ನು ಮತ್ತೆ ಅದೇ ದಪ್ಪದಿಂದಲೂ 0.0247ರಿಂದಲೂ ಗುಣಿಸಿದರೆ ಒಂದು ಮೀಟರ್ ಪೈಪಿನ ತೂಕ ಕಿಲೊದಲ್ಲಿ ಸಿಗುತ್ತದೆ. ಎಡವುವುದು ವ್ಯಾಸದಲ್ಲಿ. ‘ಎರಡಿಂಚ್’ ಎಂಬುದು ಅಂಗಡಿಯ ಹೆಸರು. ಆ ಪೈಪಿನ ಹೊರವ್ಯಾಸ ಸುಮಾರು 60 ಮಿ.ಮೀ. ದಾರ ಸುತ್ತಿ ಅಳೆದರೆ 19 ಸೆಂ.ಮೀ. ಹತ್ತಿರ ಬರುತ್ತದೆ, 3.14ರಿಂದ ಭಾಗಿಸಿದರಾಯಿತು. ಮಧ್ಯಮ ದರ್ಜೆಯ ಪೈಪಿನ ಗೋಡೆ 3.6 ಮಿ.ಮೀ. ಅಂದರೆ ಮೀಟರಿಗೆ 5 ಕಿಲೊ, 20 ಅಡಿಯ ಒಂದು ಪೈಪಿಗೆ 30 ಕಿಲೊ ಮೇಲೆ. 300 ಅಡಿ ಬೋರಿನ 15 ಪೈಪು ಸೇರಿ ಸುಮಾರು 460 ಕಿಲೊ. ಹೆಸರು ನಂಬಿ 51 ಮಿ.ಮೀ. ಹಿಡಿದವನ ಲೆಕ್ಕದಲ್ಲಿ 75 ಕಿಲೊ ಮಾಯ!

ಇದು ಹೊಸ ಪೈಪಿನ ಮಾತು. ವರ್ಷಗಟ್ಟಲೆ ಗಡುಸು ನೀರಿನಲ್ಲಿದ್ದ ಪೈಪು ಒಳಗಿನಿಂದ ಒಂದೇ ಮಿ.ಮೀ. ಸವೆದಿದ್ದರೂ ಕಾಲುಪಾಲು ತೂಕ ಹೋದಂತೆ. ಹಾಗಾಗಿ ಥ್ರೆಡ್ ಇಲ್ಲದ ಕಡೆ ಕೊಯ್ದು ದಪ್ಪ ಅಳೆಯಬೇಕು. ಒಳಗೆ ಕಟ್ಟಿದ ಸುಣ್ಣವೂ ತೂಗುತ್ತದೆ; ಅದಕ್ಕೆಂದು ಭಂಗಾರದವನು ಒಂದಿಷ್ಟು ಕಡಿತ ಮಾಡಿದರೆ ಅವನದು ತಪ್ಪಲ್ಲ. ಸವೆಯದ ಪೈಪುಗಳನ್ನು ಮಾತ್ರ ಬೇರೆ ಇಡುವುದು ಲೇಸು. ಇಡೀ ಪೈಪಿಗೆ ಗಿರಾಕಿ ಸಿಕ್ಕರೆ ಭಂಗಾರಕ್ಕಿಂತ ಹೆಚ್ಚು ಬರುತ್ತದೆ, ಕೊಯ್ದರೆ ಆ ದಾರಿ ಮುಚ್ಚಿತು.

20 ಅಡಿ ಪೈಪು ಟಂಟಂನಲ್ಲಿ ಹಿಡಿಸುವುದಿಲ್ಲ, ತುಂಡು ಮಾಡಲೇಬೇಕು. ಹಳೆಯ ನೀರಿನ ಲೈನಿನ ಬೀಡು ಕಬ್ಬಿಣವಾದರೆ ದೊಡ್ಡ ಸುತ್ತಿಗೆಯ ಏಟಿಗೆ ಒಡೆಯುತ್ತದೆ, ಚೂರು ಕಣ್ಣಿಗೆ ಸಿಡಿಯದಂತೆ ನೋಡಿಕೊಂಡರಾಯಿತು. ಜಿ.ಐ. ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ ಅಷ್ಟೆ. ಅದಕ್ಕೆ ಹೆಚ್ಚಾಗಿ ಗ್ಯಾಸ್ ಕಟಿಂಗ್ ಮಾಡುತ್ತಾರೆ. ಜ್ವಾಲೆ ತಾಗಿದೊಡನೆ ಮೇಲಿನ ಸತುವಿನ ಲೇಪ ಬಿಳಿ ಹೊಗೆಯಾಗಿ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಹಗಲೆಲ್ಲ ಕೊಯ್ದ ಹುಡುಗನಿಗೆ ಸಂಜೆ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಮಲೇರಿಯಾ ಇರಬೇಕೆಂದು ಗುಳಿಗೆ ನುಂಗಿ ಮಲಗಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹೊಗೆಯ ಮೇಲೆ ಯಾರ ಗುಮಾನಿಯೂ ಹೋಗುವುದಿಲ್ಲ. ಮೂಗಿಗೆ ಕಟ್ಟಿದ ಟವಲು ಈ ಹೊಗೆ ತಡೆಯದು. ಬಯಲಿನಲ್ಲಿ, ಹೊಗೆ ಮುಖಕ್ಕೆ ಬರದಂತೆ ಗಾಳಿಗೆ ಅಡ್ಡ ನಿಂತು ಕೊಯ್ಯಬೇಕು.

ಕಾಟಾಕ್ಕೆ ಹೋಗುವಾಗ ಅಂದಾಜಿನ ಚೀಟಿ ಕಿಸೆಯಲ್ಲಿರಲಿ. ಮೊದಲು ಖಾಲಿ ಟಂಟಂ, ಆಮೇಲೆ ತುಂಬಿದ್ದು. ಡ್ರೈವರ್ ಎರಡೂ ಸಲ ಕೂತಿರಬೇಕು, ಇಲ್ಲವೇ ಎರಡೂ ಸಲ ಇಳಿದಿರಬೇಕು. ಕಟಿಂಗ್ ಖರ್ಚು ಯಾರದೆಂಬುದು ರೇಟು ಕುದುರುವ ಮುಂಚೆಯೇ ತೀರ್ಮಾನವಾಗಬೇಕು. ಆಮೇಲೆ ಕೇಳಿದರೆ ‘ಅದು ನಿಮ್ಮದ ರೀ’ ಎಂಬ ಉತ್ತರ ಸಿದ್ಧ.